ನಾಲಗೆ ತಪ್ಪಿದ ವಾರ

ಟಕಟಕ ಟಕಟಕ ಟಕ್. ಟಕಟಕ ಟಕಟಕ ಟಕ್. ಯಾರೋ ಬೇಸರಕ್ಕೆ ಮೇಜಿನ ಮೇಲೆ ಐದು ಬೆರಳನ್ನೂ ಒಂದರ ಹಿಂದೊಂದು ತಟ್ಟುತ್ತಿರುವ ಹಾಗೆ. ಆಮೇಲೆ ಒಂದು ಕ್ಷಣ ಏನೂ ಇಲ್ಲ. ಆಮೇಲೆ ಇಪ್ಪತ್ತು ಗಂಟಲುಗಳ ಕಿರುಚು. ಪಾರ್ಕಿನ ಹಿಂಗೋಡೆಗೆ ಅಂಟಿಕೊಂಡ ಆ ಓಣಿಯಲ್ಲಿ ರೋಲರ್ ಕೋಸ್ಟರಿನ ಸದ್ದಿಗೆ ಯಾರೂ ತಲೆ ಎತ್ತುವುದಿಲ್ಲ. ಕೈಗೂಸುಗಳು ಕೂಡ ಅದನ್ನು ಕೇಳುತ್ತಲೇ ನಿದ್ದೆ ಹೋಗುತ್ತವೆ; ಸದ್ದು ನಿಂತರೆ ಏಳುತ್ತವೆ.

ಆ ಮಂಗಳವಾರ ಮಧ್ಯಾಹ್ನ, ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ತಟ್ಟೆ ಒರೆಸುತ್ತಿದ್ದ ಗೇಟಕ್ಕ ಒರೆಸುವುದನ್ನು ನಿಲ್ಲಿಸಿದಳು.

ಟಕಟಕ ಟಕ... ಟಕ್.

"ರೀ, ಕೇಳಿಸ್ತಾ?"

ಬೆಳಗಿನ ಜಾವಕ್ಕೇ ಬ್ರೆಡ್ಡಿನ ವ್ಯಾನ್ ಓಡಿಸಿಕೊಂಡು ಹೋಗಿ ಹನ್ನೆರಡಕ್ಕೆ ಮನೆ ಸೇರುವ ಗಂಡ ಮುಖದ ಮೇಲೆ ಪೇಪರ್ ಹಾಕಿಕೊಂಡು ಮಲಗಿದ್ದ. "ಏನು?" ಅಂದಿತು ಪೇಪರ್.

"ಒಂದು ಕಮ್ಮಿ ಬಿತ್ತು."

"ಉಪ್ಪಾ? ಸರಿಯಾಗೇ ಇತ್ತಲ್ಲ."

"ಉಪ್ಪಲ್ಲ ರೀ. ದೊಡ್ಡಣ್ಣಂದು. ಐದು ಬೀಳ್ಬೇಕು, ನಾಲ್ಕೇ ಬಿತ್ತು."

"ನಿಂಗೆ ರಜಾ ಅನ್ನೋದು ಮೈಗೆ ಒಗ್ಗಲ್ಲ ಕಣೇ. ಕೆಲಸದ ದಿನ ಕಾಲು ನೋವು, ರಜಾ ದಿನ ಕಿವಿ ನೋವು."

ಅವಳು ತಟ್ಟೆ ಹಿಡಿದುಕೊಂಡೇ ಕಿಟಕಿಗೆ ಹೋಗಿ ಬಲಗಿವಿಯನ್ನು ಸರಳಿಗೆ ಒತ್ತಿ ನಿಂತಳು. ಮುಂದಿನ ಟ್ರಿಪ್ಪಿನಲ್ಲಿ ಐದೂ ಬಿದ್ದವು. ಅದರ ಮುಂದಿನದರಲ್ಲೂ ಐದು. ಒರೆಸಿದ ತಟ್ಟೆಯನ್ನೇ ಮತ್ತೊಮ್ಮೆ ತೊಳೆದು, ಮತ್ತೊಮ್ಮೆ ಒರೆಸಿದಳು. ನಾಲ್ಕನೇ ಟ್ರಿಪ್ಪಿಗೆ ಮತ್ತೆ ಒಂದು ಬೀಳಲಿಲ್ಲ.

ಕೇಳುವುದನ್ನು ಅವಳು ಕಲಿತದ್ದು ಪಾರ್ಕಿನಲ್ಲಲ್ಲ. ಹದಿನೆಂಟನೇ ವಯಸ್ಸಿಗೆ ನೂಲಿನ ಗಿರಣಿ ಸೇರಿದ್ದಳು. ಉದ್ದನೆಯ ಶೆಡ್ಡು, ನೂರಾರು ಕದಿರು, ಎಲ್ಲವೂ ಒಟ್ಟಿಗೆ ಹೂಂಕರಿಸುವ ಸದ್ದು. ಅದರ ನಡುವೆ ಒಂದು ಎಳೆ ತುಂಡಾದರೆ ಕಣ್ಣು ಕಾಣುವ ಮೊದಲು ಅವಳ ಕಾಲು ಅತ್ತ ಹೊರಟಿರುತ್ತಿತ್ತು. ಹದಿನೇಳು ವರ್ಷದ ನಂತರ ಗಿರಣಿ ಬಾಗಿಲು ಹಾಕಿತು. ಅವಳ ಎಡಗಿವಿಯನ್ನು ತಾನೇ ಇಟ್ಟುಕೊಂಡು, ಬಲಗಿವಿಯನ್ನು ಮಸೆದು ಹರಿತ ಮಾಡಿ ಮನೆಗೆ ಕಳಿಸಿತು.

ಅದೇ ವರ್ಷ ಊರಂಚಿನಲ್ಲಿ ಪಾರ್ಕು ತೆರೆಯಿತು. ಎಂಟೇ ಎಂಟು ಆಟ. ಅದರಲ್ಲಿ ದೊಡ್ಡದು ರೋಲರ್ ಕೋಸ್ಟರ್. ಐದು ಬೋಗಿ, ಬೋಗಿಗೆ ನಾಲ್ಕು ಸೀಟು. ಕೆಲಸದವರ ಬಾಯಲ್ಲಿ ಅದು ದೊಡ್ಡಣ್ಣ. 'ದೊಡ್ಡಣ್ಣ ಇವತ್ತು ಹೇಗಿದಾನೆ?' 'ಎಣ್ಣೆ ಕುಡ್ಕೊಂಡು ಮಜವಾಗಿದಾನೆ.' ಅದರ ಗೇಟಿಗೆ ಇವಳು ನಿಂತಳು. ಎತ್ತರ ಅಳೆಯುವುದು, ಕನ್ನಡಕ ತೆಗೆಸುವುದು, ಚಪ್ಪಲಿ ಬಿಡಿಸುವುದು, ಭುಜದ ಮೇಲಿನ ಪಟ್ಟಿ ಇಳಿಸಿ ಎರಡು ಸಲ ಜಗ್ಗುವುದು, ಮೈಕಿನಲ್ಲಿ ನಾಲ್ಕು ಮಾತು ಹೇಳುವುದು. ಹದಿನೇಳು ವರ್ಷ ಇದನ್ನೇ ಮಾಡಿ, ಅವಳ ಸ್ವಂತ ಹೆಸರು ಹಾಜರಿ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು.

ತಾನು ಒಂದು ಸಲವೂ ಹತ್ತಿರಲಿಲ್ಲ. ಮೊದಲು ಭಯವಿತ್ತು, ಆಮೇಲೆ ಪುರಸೊತ್ತಿರಲಿಲ್ಲ, ಕೊನೆಗೆ ಹತ್ತಿಲ್ಲ ಎಂದು ಹೇಳಿಕೊಳ್ಳುವುದೇ ಅಭ್ಯಾಸವಾಯಿತು. ಯಾರಾದರೂ ಕೆಣಕಿದರೆ, "ಒಂದಲ್ಲ ಒಂದಿನ ಎಲ್ರೂ ಮೇಲೆ ಹೋಗೋದು ಇದ್ದೇ ಇದೆ, ಅವಸರ ಏನು?" ಅನ್ನುತ್ತಿದ್ದಳು.

ಆ ಐದು ಸದ್ದಿನ ಗುಟ್ಟು ಅವಳಿಗೆ ಹೇಳಿಕೊಟ್ಟವನು ಹಳೇ ಫಿಟ್ಟರ್. ಬೋಗಿಗಳು ಮೇಲೆ ಹತ್ತುವ ಏರಿನಲ್ಲಿ, ಎರಡು ಹಳಿಗಳ ನಡುವೆ, ಕೆಳಗಿನಿಂದ ತುದಿಯವರೆಗೂ ಗರಗಸದ ಹಾಗೆ ಒಂದು ಕಬ್ಬಿಣದ ಪಟ್ಟಿ ಇದೆ. ಪ್ರತಿ ಬೋಗಿಯ ಹೊಟ್ಟೆಯಡಿ ಅಂಗೈಯುದ್ದದ ಒಂದು ತುಂಡು ನೇತಾಡುತ್ತದೆ. ಸರಪಳಿ ಬೋಗಿಗಳನ್ನು ಮೇಲಕ್ಕೆಳೆಯುವಾಗ ಆ ತುಂಡು ಒಂದೊಂದೇ ಹಲ್ಲನ್ನು ದಾಟಿ ಬೀಳುತ್ತದೆ. ನಡುದಾರಿಯಲ್ಲಿ ಸರಪಳಿ ಹರಿದರೆ ಬೋಗಿಗಳು ಹಿಂದಕ್ಕೆ ಜಾರದಂತೆ ಹಲ್ಲಿಗೆ ಕಚ್ಚಿಕೊಂಡು ನಿಲ್ಲಿಸುವುದು ಅದೇ. ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಅದಕ್ಕೆ ಮಾರುದ್ದದ ಹೆಸರಿತ್ತು. ಫಿಟ್ಟರ್ ಪುಸ್ತಕ ಮುಚ್ಚಿಟ್ಟು, "ಇದು ಹಲ್ಲು, ಇದು ನಾಲಗೆ. ಮುಗೀತು," ಅಂದಿದ್ದ. ಅಂದಿನಿಂದ ಪಾರ್ಕಿನಲ್ಲಿ ಅದು ನಾಲಗೆ. ಹೋದ ವರ್ಷ ಅವನು ನಿವೃತ್ತನಾಗಿ ಮಗಳ ಮನೆ ಸೇರಿದ. ಪದ ಇಲ್ಲೇ ಉಳಿಯಿತು.

ಹೊಸ ಮ್ಯಾನೇಜರ್ ಬಂದು ನಾಲ್ಕು ವಾರವಾಗಿತ್ತಷ್ಟೆ. ಮೊದಲು ಒಂದು ಹೋಟೆಲಿನ ರಿಸೆಪ್ಷನ್‌ನಲ್ಲಿದ್ದವನು, ಮೂವತ್ತರ ಆಸುಪಾಸು, ಜೇಬಿನಲ್ಲಿ ಮೂರು ಬಣ್ಣದ ಪೆನ್ನು. ಬಂದ ಮೊದಲ ದಿನವೇ ಎಲ್ಲರನ್ನೂ ನಿಲ್ಲಿಸಿಕೊಂಡು, "ಬಾಯಿಮಾತು ಬೇಡ. ಏನೇ ಇದ್ರೂ ಪುಸ್ತಕದಲ್ಲಿ ಬರೀರಿ. ನಾನು ಕೆಂಪು ಪೆನ್ನಲ್ಲಿ ಉತ್ತರ ಬರೀತೀನಿ," ಎಂದಿದ್ದ. ಮಾತಿಗೆ ತಪ್ಪುವವನಲ್ಲ, ಬರೆಯುತ್ತಲೂ ಇದ್ದ.

ಬುಧವಾರ ಬೆಳಿಗ್ಗೆ ಖಾಲಿ ಬೋಗಿಗಳನ್ನು ಓಡಿಸಿ ನೋಡುವಾಗ ಸದ್ದು ಸರಿಯಾಗಿತ್ತು. ಮಧ್ಯಾಹ್ನ ಇಪ್ಪತ್ತು ಸೀಟೂ ತುಂಬಿದಾಗ ಮತ್ತೆ ಎರಡು ಸಲ ಒಂದು ಬೆರಳು ಮಡಚಿಕೊಂಡಿತು. ಗೇಟಕ್ಕ ಸಂಜೆ ಪುಸ್ತಕ ತೆರೆದು ಬರೆದಳು: 'ಇವತ್ತು ನಾಲಗೆ ಎರಡು ಸಲ ತಪ್ಪಿತು. ಜನ ತುಂಬಿದ್ದಾಗ. ನೋಡಬೇಕು.'

ಗುರುವಾರ ಬೆಳಿಗ್ಗೆ ಅದರ ಕೆಳಗೆ ಕೆಂಪು ಅಕ್ಷರದಲ್ಲಿ ಹೀಗಿತ್ತು: 'ಎಲ್ಲರಿಗೂ ಆಗುತ್ತದೆ. ಮುಂದೆ ಜಾಗ್ರತೆ.'

ಅವಳು ಅದನ್ನು ಮೂರು ಸಲ ಓದಿದಳು. ಎಲ್ಲರಿಗೂ ಆಗುತ್ತದೆ ಅಂದರೆ? ಬೇರೆ ಪಾರ್ಕುಗಳಲ್ಲೂ ಹೀಗೇ ತಪ್ಪುತ್ತದೆಯೆ? ಓದಿದವರು, ಗೊತ್ತಿರಬಹುದು ಎಂದುಕೊಂಡಳು. ಆದರೆ ಗೇಟಿನಲ್ಲಿ ನಿಂತ ಕಾಲು ನೆಲದ ಮೇಲೆ ಊರಲಿಲ್ಲ. ಪಟ್ಟಿ ಜಗ್ಗುವಾಗ ಜನರ ಮುಖ ನೋಡುವುದೂ ಕಷ್ಟವಾಯಿತು. ಸಂಜೆ ಬರೆದಳು: 'ಇವತ್ತು ಐದು ಸಲ. ಹೊತ್ತು ಏರಿದ ಹಾಗೆ ಜಾಸ್ತಿ. ತಡೆಯದಿದ್ದರೆ ಅನಾಹುತ.'

ಶುಕ್ರವಾರದ ಕೆಂಪು ಅಕ್ಷರಗಳು ದಪ್ಪಗಿದ್ದವು: 'ಇದು ಅತಿಯಾಯಿತು. ಇಂದಿನಿಂದ ಮರಿ ರೈಲಿಗೆ ಹೋಗಿ. ಅಲ್ಲಿ ಮೈಕ್ ಇಲ್ಲ.'

ನಿಜ ಬರೆದದ್ದಕ್ಕೆ ಶಿಕ್ಷೆ ಎಂದು ಅವಳಿಗೆ ಅನಿಸಿತು. ಮೈಕ್ ಯಾಕೆ ಬಂತು ಎಂದು ಮಾತ್ರ ತಿಳಿಯಲಿಲ್ಲ.

ಮರಿ ರೈಲು ಎಂದರೆ ಹೂವಿನ ಪಾತಿಯ ಸುತ್ತ ನಡಿಗೆಯ ವೇಗದಲ್ಲಿ ತಿರುಗುವ ಬಾತುಕೋಳಿ ಮುಖದ ಇಂಜಿನ್ನು ಮತ್ತು ಮೂರು ಡಬ್ಬ. ಗಂಟೆ ಹೊಡೆದರೆ ಹೊರಡುತ್ತದೆ, ಇನ್ನೊಮ್ಮೆ ಹೊಡೆದರೆ ನಿಲ್ಲುತ್ತದೆ. ಗೇಟಕ್ಕ ಗಂಟೆಯ ಹಗ್ಗ ಹಿಡಿದು ನಿಂತಳು. ಮರಗಳ ಮೇಲಿಂದ ದೊಡ್ಡಣ್ಣನ ಏರು ಕಾಣುತ್ತಿತ್ತು. ಬೋಗಿಗಳು ಹುಳದ ಹಾಗೆ ಹತ್ತುತ್ತಿದ್ದವು. ಗಾಳಿ ಇತ್ತ ಬೀಸಿದಾಗ ಸದ್ದು ಕೇಳುತ್ತಿತ್ತು, ಅತ್ತ ಬೀಸಿದಾಗ ಇಲ್ಲ. ಕೇಳದಿರುವುದು ಕೇಳುವುದಕ್ಕಿಂತ ಕೆಟ್ಟದಾಗಿತ್ತು. ಏರಿನ ಅರ್ಧ ದಾಟಿ ತುದಿ ಮುಟ್ಟುವವರೆಗೆ ಅವಳು ಉಸಿರು ಹಿಡಿಯುತ್ತಿದ್ದಳು. ಕಿರುಚು ಕೇಳಿದ ಮೇಲೆ ಬಿಡುತ್ತಿದ್ದಳು. ಕಿರುಚು ಅಷ್ಟು ನೆಮ್ಮದಿ ಕೊಡುತ್ತದೆಂದು ಅವಳಿಗೆ ಮೊದಲು ಗೊತ್ತಿರಲಿಲ್ಲ.

"ಅಜ್ಜೀ, ಹೊರಡು!" ಮೊದಲ ಡಬ್ಬದಿಂದ ಎರಡು ಜಡೆಯ ಪುಟ್ಟಿ ಕೂಗಿದಳು. "ನಾವು ಕೂತು ಎಷ್ಟೊತ್ತಾಯ್ತು, ನಾನು ದೊಡ್ಡೋಳಾಗಿಬಿಡ್ತೀನಿ!"

ಪಾರ್ಕು ಮುಚ್ಚುವ ಹೊತ್ತಿಗೆ ಅವಳು ಮ್ಯಾನೇಜರನ ಕೋಣೆಯ ಬಾಗಿಲು ತಟ್ಟದೆ ಒಳಗೆ ಹೋದಳು. ಅವನು ಮೇಜಿನ ಮುಂದೆ ತಲೆ ಬಾಚಿಕೊಳ್ಳುತ್ತಿದ್ದ; ಬಾಚಣಿಗೆ ಕೆಳಗಿಟ್ಟ.

"ಸರ್, ಮರಿ ರೈಲಿಗೆ ಹಾಕಿದ್ದು ಇರ್ಲಿ. ನಾಲಗೆ ವಿಷಯ ಏನ್ಮಾಡಿದ್ರಿ?"

"ನಾನೇ ಕರೆಸೋಣ ಅಂತಿದ್ದೆ. ಕೂತ್ಕೊಳ್ಳಿ ಅಮ್ಮ. ಯಾರಿಗೆ ಏನಂದ್ರಿ?"

"ಯಾರಿಗೂ ಏನೂ ಅಂದಿಲ್ಲ. ನಿಮಗೇ ಬರೆದೆನಲ್ಲ."

"ನೀವೇ ಬರ್ದಿದೀರಿ, ಗುರುವಾರ ಐದು ಸಲ ಅಂತ. ಐದು ಜನಕ್ಕಾ, ಒಬ್ಬರಿಗೇ ಐದು ಸಲಾನಾ?"

"ಐದು ಟ್ರಿಪ್ಪಲ್ಲಿ ಸರ್."

"ಟ್ರಿಪ್ಪಿಗೊಂದು ಬೈಗುಳ!" ಅವನು ಹಣೆಗೆ ಕೈ ಹಚ್ಚಿದ. "ಅದೂ ಮೈಕಲ್ಲಿ! ನೋಡಿ, ನಮ್ಮಮ್ಮನೂ ನಿಮ್ಮ ವಯಸ್ಸಿನೋರು. ಸುಸ್ತಾದಾಗ ನಾಲಗೆ ತಪ್ಪತ್ತೆ, ನಂಗರ್ಥ ಆಗತ್ತೆ. ಆದ್ರೆ ದಿನಾ ತಪ್ಪಿದ್ರೆ?"

ಗೇಟಕ್ಕ ಬಲಗಿವಿಯನ್ನು ಅವನ ಕಡೆ ತಿರುಗಿಸಿದಳು.

"ಅಯ್ಯೋ ನಿಮ್ಮ! ಅದು ನನ್ನ ನಾಲಗೆ ಅಲ್ಲ ಸರ್. ದೊಡ್ಡಣ್ಣನ ನಾಲಗೆ."

"ನಿಮ್ಮ ದೊಡ್ಡಣ್ಣ ಯಾಕೆ ಇಲ್ಲಿಗೆ ಬಂದಿದ್ರು?"

ಅವಳು ಮೇಜಿನ ಮೇಲಿದ್ದ ಬಾಚಣಿಗೆ ಎತ್ತಿಕೊಂಡು ಓರೆಯಾಗಿ ಹಿಡಿದು, ಹಲ್ಲುಗಳ ಮೇಲೆ ಕೆಳಗಿನಿಂದ ಮೇಲಕ್ಕೆ ಉಗುರು ಎಳೆದಳು. ಟಕಟಕಟಕ. "ಇದು ಏರು. ನನ್ನ ಉಗುರು ಬೋಗಿ ಅಡಿ ಇರೋ ಕಬ್ಬಿಣ. ಅದಕ್ಕೆ ನಾವು ನಾಲಗೆ ಅಂತೀವಿ. ಸರಪಳಿ ಹರಿದ್ರೆ..." ಉಗುರನ್ನು ಹಿಂದಕ್ಕೆ ಒತ್ತಿದಳು, ಅದು ಹಲ್ಲಿನ ಸಂದಿಗೆ ಸಿಕ್ಕಿ ನಿಂತಿತು. "ಹಿಡ್ಕೊಳ್ಳೋದು ಇದೇ. ಮೂರು ದಿನದಿಂದ ಐದರಲ್ಲಿ ಒಂದು ಹಿಡೀತಿಲ್ಲ." ಉಗುರೆತ್ತಿದಳು. ಬಾಚಣಿಗೆಯನ್ನು ಮೇಜಿನ ಅಂಚಿನವರೆಗೆ ಜಾರಲು ಬಿಟ್ಟಳು.

ಮ್ಯಾನೇಜರ್ ಪುಸ್ತಕ ತೆರೆದು ತಾನು ಬರೆದದ್ದನ್ನು ಓದಿಕೊಂಡ. 'ಎಲ್ಲರಿಗೂ ಆಗುತ್ತದೆ' ಎಂಬಲ್ಲಿ ಅವನ ಕಿವಿ ಕೆಂಪಾಯಿತು.

ಈಗಿನ ಫಿಟ್ಟರನನ್ನು ಕರೆಸಿದ. ಎರಡು ಮಕ್ಕಳ ತಂದೆ, ಕೆಲಸ ಬಲ್ಲವನು, ಯಾರಾದರೂ ತಪ್ಪು ಎತ್ತಿ ತೋರಿಸಿದರೆ ಮಾತ್ರ ತಡೆಯದವನು. "ದಿನಾ ಬೆಳಿಗ್ಗೆ ನೋಡ್ತೀನಿ ಸರ್. ಐದೂ ಸರಿಯಾಗಿ ಬೀಳ್ತವೆ."

"ಖಾಲಿ ಇದ್ದಾಗ ಬೀಳ್ತವೆ. ಭಾರ ಬಿದ್ದಾಗ ಒಂದು ಬೀಳಲ್ಲ," ಅಂದಳು ಗೇಟಕ್ಕ.

"ಹಾಗೇ ಅಂದ್ಕೊಳ್ಳೋಣ. ಒಂದು ಹೋದ್ರೂ ನಾಲ್ಕಿವೆ ಗೇಟಕ್ಕ."

"ಲಾರಿ ಟಯರ್‌ಗೂ ಹೀಗೇ ಲೆಕ್ಕ ಹೇಳ್ತೀಯೇನಪ್ಪ?"

"ಯಾವ ಬೋಗಿ ಅಂತ ಹೇಳು, ಈಗಲೇ ಬಿಚ್ತೀನಿ. ಐದೂ ಬಿಚ್ಬೇಕು ಅಂದ್ರೆ ಎರಡು ದಿನ ಬೇಕು."

ಮ್ಯಾನೇಜರ್ ಕ್ಯಾಲೆಂಡರ್ ನೋಡಿದ. ಶನಿವಾರ ಹನ್ನೊಂದಕ್ಕೆ ಒಂದು ಕಾಲೇಜಿನ ಮುನ್ನೂರು ಹುಡುಗ ಹುಡುಗಿಯರು ಬರುವವರಿದ್ದರು. ಅವರು ಬರುತ್ತಿದ್ದದ್ದೇ ದೊಡ್ಡಣ್ಣನಿಗಾಗಿ. "ಯಾವುದು ಅಂತ ಖಚಿತವಾಗಿ ಹೇಳಿ ಅಮ್ಮ, ನಿಲ್ಲಿಸ್ತೀನಿ. ಹೇಳಕ್ಕಾಗಲ್ಲ ಅಂದ್ರೆ ಹನ್ನೊಂದಕ್ಕೆ ಗೇಟು ತೆಗೀತೀನಿ. ಬರೀ ಒಂದು ಕಿವಿ ಮಾತು ಕೇಳಿ ಯಜಮಾನರಿಗೆ ಏನಂತ ಹೇಳ್ಲಿ?"

ಕೋಣೆಯಿಂದ ಹೊರಬಂದವಳು ಹಳೇ ಫಿಟ್ಟರನಿಗೆ ಫೋನು ಮಾಡಿದಳು. ಆ ಕಡೆ ಮೊಮ್ಮಕ್ಕಳ ಗಲಾಟೆ.

"ಕೆಳಗೆ ನಿಂತ್ರೆ ಗೊತ್ತಾಗಲ್ಲಮ್ಮ," ಅಂದ. "ಐದೂ ಸದ್ದು ಕಲಸಿಕೊಂಡು ಬರತ್ತೆ. ಯಾವುದು ಮೊದಲು ಯಾವುದು ಕೊನೆ ಹೇಳಕ್ಕಾಗಲ್ಲ. ಸೀಟುಗಳಲ್ಲಿ ಮರಳಿನ ಚೀಲ ಇಟ್ಟು, ಒಂದೊಂದು ಬೋಗೀಲೂ ಕೂತು ಮೇಲೆ ಹೋಗ್ಬೇಕು. ನಾನು ಹಾಗೇ ಮಾಡ್ತಿದ್ದೆ. ಕಿವಿಯಿಂದ ಕೇಳ್ಬೇಡ, ಕೂತ ಜಾಗದಿಂದ ಕೇಳು."

"ಕೂತ ಜಾಗದಿಂದ?"

"ಹೂಂ. ಅಲ್ಲಿ ಸುಳ್ಳು ನಡೆಯಲ್ಲ."

ಮನೆಯಲ್ಲಿ ಊಟಕ್ಕೆ ಕೂತವಳು ಎರಡು ತುತ್ತಿಗೆ ಎದ್ದಳು. ನೀರು ತರಲು ಎದ್ದವಳು ನೀರಿಲ್ಲದೆ ಬಂದು ಕೂತಳು. ಗಂಡ ಅವಳ ಮಂಡಿ ತಾಳ ಹಾಕುವುದನ್ನು ನೋಡುತ್ತಿದ್ದ.

"ನಾಳೆ ಬೆಳಿಗ್ಗೆ ದೊಡ್ಡಣ್ಣನ ಮೇಲೆ ಹತ್ತುತ್ತೀನಿ," ಅಂದಳು.

"ಯಾರು?"

"ನಿಮ್ಮ ಹೆಂಡತಿ."

"ಬಸ್ಸಲ್ಲಿ ಹಿಂದಿನ ಸೀಟಿಗೆ ಕೂತ್ರೆ ತಲೆ ಸುತ್ತತ್ತೆ ಅನ್ನೋಳು?" ನಗಲು ಹೊರಟವನು ಅವಳ ಮುಖ ನೋಡಿ ಅರ್ಧಕ್ಕೆ ಬಿಟ್ಟ. "ಎಷ್ಟು ಸಲ?"

"ಸಿಗೋವರೆಗೆ. ಐದು ಬೋಗಿ ಇದೆ."

ಅವನು ಅವಳ ತಟ್ಟೆಯಲ್ಲಿದ್ದದ್ದನ್ನು ಅರ್ಧ ತೆಗೆದು ತನ್ನ ತಟ್ಟೆಗೆ ಹಾಕಿಕೊಂಡ. "ಹಾಗಾದ್ರೆ ಇದು ಬೇಡ. ನಾಳೆ ಬೆಳಿಗ್ಗೆಗೂ ಒಣ ಬ್ರೆಡ್ಡು ಸಾಕು. ಒಳಗೆ ಹೋದದ್ದು ಒಳಗೇ ಇರ್ಬೇಕಲ್ಲ."

ಶನಿವಾರ ಎಂಟಕ್ಕೆಲ್ಲ ಫಿಟ್ಟರ್ ಮತ್ತು ಇಬ್ಬರು ತೋಟದ ಆಳುಗಳು ಮರಳಿನ ಚೀಲಗಳನ್ನು ಹೊತ್ತು ತಂದು ಸೀಟುಗಳಲ್ಲಿ ಕೂರಿಸಿದರು. ವರ್ಷಕ್ಕೊಮ್ಮೆ ಪರೀಕ್ಷೆಗೆ ತೆಗೆಯುವ ಚೀಲಗಳು. ಭುಜದ ಪಟ್ಟಿ ಹಾಕಿಸಿಕೊಂಡು ಕೂತ ಅವು ತಲೆಯಿಲ್ಲದ ಸಂಸಾರಸ್ಥರ ಹಾಗೆ ಕಾಣುತ್ತಿದ್ದವು. ಮೊದಲನೇ ಬೋಗಿಯ ಒಂದು ಸೀಟು ಖಾಲಿ ಬಿಟ್ಟಿದ್ದರು. ಗೇಟಕ್ಕ ಚಪ್ಪಲಿ ಬಿಟ್ಟು, ಸೆರಗು ಬಿಗಿದು ಸಿಕ್ಕಿಸಿಕೊಂಡು, ಕಿವಿಯೋಲೆ ಬಿಚ್ಚಿ ಕೂತಳು. ಫಿಟ್ಟರ್ ಪಟ್ಟಿ ಇಳಿಸಿ ಒಮ್ಮೆ ಜಗ್ಗಿದ.

"ಎರಡು ಸಲ," ಅಂದಳು.

ಎರಡನೇ ಸಲ ಜಗ್ಗಿದ. "ಒಂದೂವರೆ ನಿಮಿಷ ಅಷ್ಟೇ ಗೇಟಕ್ಕ. ಏನೂ ಆಗಲ್ಲ."

ಹದಿನೇಳು ವರ್ಷ ತಾನೇ ಎಲ್ಲರಿಗೂ ಹೇಳಿದ ಮಾತು. ಕೇಳುವ ಜಾಗದಲ್ಲಿ ಕೂತಾಗ ಅದು ಎಷ್ಟು ಹಗುರ ಎಂದು ಗೊತ್ತಾಯಿತು.

ಸರಪಳಿ ಕೊಕ್ಕೆಗೆ ಸಿಕ್ಕಿ ಬೋಗಿ ಒಮ್ಮೆ ಜರ್ಕ್ ಹೊಡೆಯಿತು. ಬೆನ್ನು ಒರಗಿತು. ಎದುರಿಗೆ ಇನ್ನು ಆಕಾಶ ಮಾತ್ರ. ಟಕ್. ಸೀಟಿನಡಿ, ಬೆನ್ನುಮೂಳೆಯ ಕೊನೆಯ ಗಂಟಿಗೆ ಸರಿಯಾಗಿ. ಟಕ್. ಟಕ್. ಹಳೇ ಫಿಟ್ಟರ್ ಹೇಳಿದ್ದು ನಿಜ. ಇಲ್ಲಿ ಕಿವಿಗೆ ಕೆಲಸವಿರಲಿಲ್ಲ. ಅವಳು ಕಣ್ಣು ಮುಚ್ಚಿ ಮೈಯೆಲ್ಲವನ್ನೂ ಆ ಒಂದು ಜಾಗಕ್ಕೆ ತಂದು ಕೂರಿಸಿದಳು. ಒಂದು ಹಲ್ಲೂ ತಪ್ಪಲಿಲ್ಲ. ತುದಿ ಮುಟ್ಟಿದಾಗ ಕಣ್ಣು ಬಿಟ್ಟಳು. ಓಣಿ ಕಾಣಿಸಿತು, ಸೈಕಲ್ ಅಂಗಡಿಯ ತಗಡು, ತಂತಿಯ ಮೇಲೆ ತಲೆಕೆಳಗಾಗಿ ಒಣಗುತ್ತಿದ್ದ ಗಂಡನ ಅಂಗಿ. ಎಲ್ಲವೂ ಅಷ್ಟು ಸಣ್ಣದು, ಅಷ್ಟು ತನ್ನದು.

ಆಮೇಲೆ ನೆಲ ಹೋಯಿತು.

ಕಿರುಚುವುದಿಲ್ಲ ಎಂದು ನಿರ್ಧರಿಸಿದ್ದಳು. ಕಿರುಚಲು ಉಸಿರು ಬೇಕು. ಉಸಿರು ಮೇಲೆ ಏರಿನ ತುದಿಯಲ್ಲೇ ಉಳಿದಿತ್ತು. ಹೊಟ್ಟೆ ಗಂಟಲಿಗೆ ಬಂತು, ಗಂಟಲು ತಲೆಗೆ. ಗಾಳಿ ಕೆನ್ನೆಯನ್ನು ಬಟ್ಟೆ ಹಿಂಡಿದ ಹಾಗೆ ಹಿಂಡಿತು. ಪೂರ್ತಿ ಸುತ್ತಿನೊಳಗೆ ನುಗ್ಗಿದಾಗ ಮರಗಳು ಮೇಲಿನಿಂದ ಕೆಳಕ್ಕೆ ಬೆಳೆದಿದ್ದವು, ಪಕ್ಕದ ಮರಳಿನ ಚೀಲ ಅವಳ ತೋಳಿಗೆ ಒರಗಿ ಹಳೇ ನೆಂಟನ ಹಾಗೆ ಉಸಿರು ಬಿಟ್ಟಿತು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಮುಗಿಯಿತು ಎಂದುಕೊಂಡಾಗಲೆಲ್ಲ ಇನ್ನೊಂದು ತಿರುವು. ಒಂದೂವರೆ ನಿಮಿಷ ಎನ್ನುವುದು ಕೆಳಗೆ ನಿಂತವರ ಲೆಕ್ಕ.

"ಮೊದಲನೇದು ಅಲ್ಲ," ಅಂದಳು, ಪ್ಲಾಟ್‌ಫಾರಂ ಬಂದಾಗ. ದನಿ ಬೇರೆ ಯಾರದೋ ಎನಿಸಿತು.

ಎರಡನೇ ಬೋಗಿಯಲ್ಲೂ ಹಲ್ಲು ತಪ್ಪಲಿಲ್ಲ. ಇಳಿದವಳು ಕಂಬದ ಬುಡಕ್ಕೆ ಹೋಗಿ ಒಣ ಬ್ರೆಡ್ಡನ್ನು ಹೊರಗೆ ಹಾಕಿ, ಬಾಯಿ ತೊಳೆದುಕೊಂಡು ಬಂದಳು.

"ಸಾಕು ಬಿಡು ಗೇಟಕ್ಕ," ಅಂದ ಫಿಟ್ಟರ್. "ಬೇಕಿದ್ರೆ ನಾನು ಕೂರ್ತೀನಿ."

"ನೀನು ಕೂತ್ರೆ ಯಂತ್ರ ಓಡಿಸೋರು ಯಾರು, ನಾನಾ?"

ಮೂರನೇ ಬೋಗಿಯ ಏರಿನಲ್ಲಿ ಅವಳು ಹೆದರಿದ್ದು ಇಳಿಜಾರಿಗಲ್ಲ. ಟಕ್, ಟಕ್, ಟಕ್ ಎಂದು ಅಷ್ಟು ನಿಷ್ಠೆಯಿಂದ ಬೀಳುತ್ತಿದ್ದ ಸದ್ದಿಗೆ. ಎಲ್ಲವೂ ಸರಿಯೇ ಇದ್ದರೆ? ಗಿರಣಿ ತಿಂದು ಬಿಟ್ಟ ಕಿವಿ ಈಗ ಇಲ್ಲದ್ದನ್ನು ಕೇಳುತ್ತಿದ್ದರೆ? ಆಗ ದೊಡ್ಡಣ್ಣನಿಗೆ ಏನೂ ಆಗಿಲ್ಲ, ಮುನ್ನೂರು ಮಕ್ಕಳಿಗೂ ಏನೂ ಆಗುವುದಿಲ್ಲ. ಹಾಗೇ ಆಗಲಿ ಎಂದು ಅವಳು ಒಂದು ಕ್ಷಣ ಮನಸಾರೆ ಬಯಸಿದಳು. ಮರುಕ್ಷಣ ಹಾಗೆ ಬಯಸಿದ್ದಕ್ಕೇ ಅನುಮಾನ ಬಂತು. ಕೆಳಗಿಳಿದಾಗ ಗಡಿಯಾರ ಹತ್ತು ದಾಟಿತ್ತು. ಮ್ಯಾನೇಜರ್ ಪ್ಲಾಟ್‌ಫಾರಂ ತುದಿಯಲ್ಲಿ ಪೆನ್ನಿನ ಮುಚ್ಚಳ ತೆಗೆದು ಹಾಕುತ್ತ ನಿಂತಿದ್ದ.

"ಅಮ್ಮ, ಸಿಗ್ಲಿಲ್ಲ ಅಂದ್ರೆ ಅವಮಾನ ಏನಿಲ್ಲ."

"ಇನ್ನೂ ಎರಡಿದೆ ಸರ್."

ನಾಲ್ಕನೇ ಬೋಗಿ. ಟಕ್. ಟಕ್. ಅರ್ಧ ಏರು ದಾಟಿತು. ಭಾರವೆಲ್ಲ ಹಿಂದಕ್ಕೆ ಒರಗಿತು. ಟಕ್. ಆಮೇಲೆ ಏನೂ ಇಲ್ಲ. ಕತ್ತಲಲ್ಲಿ ಮೆಟ್ಟಿಲಿಳಿಯುವಾಗ ಇನ್ನೊಂದು ಮೆಟ್ಟಿಲಿದೆಯೆಂದು ಇಟ್ಟ ಕಾಲು ಬರಿ ಗಾಳಿಗೆ ಬೀಳುತ್ತದಲ್ಲ, ಹಾಗೆ ಸೀಟಿನ ಮೇಲಿದ್ದ ಮೈ ಖಾಲಿಗೆ ಬಿತ್ತು. ಒಂದು ಹಲ್ಲು ಹೋಯಿತು. ಇನ್ನೊಂದೂ ಹೋಯಿತು. ಮೂರನೆಯದಕ್ಕೆ ಒಂದು ಮೊಂಡು ಸದ್ದು, ಒಳಗೆ ಏನೋ ಕೆರೆದು ಬಿದ್ದ ಹಾಗೆ. ಅವಳ ಎರಡೂ ಕೈ ಪಟ್ಟಿಯನ್ನು ಹಿಡಿದವು. ಇಳಿಜಾರು ಬಂದದ್ದು, ಸುತ್ತು ಬಂದದ್ದು ಅವಳಿಗೆ ನೆನಪಿಲ್ಲ. ಸಿಕ್ಕಿತು, ಸಿಕ್ಕಿತು ಎಂದು ಗಾಳಿಗೆ ಬಾಯಿ ಬಿಟ್ಟು ಹೇಳುತ್ತಲೇ ಕೆಳಗೆ ಬಂದಳು.

"ನಾಲ್ಕನೇದು. ಅರ್ಧ ಏರು ದಾಟಿದ ಮೇಲೆ ಎರಡು ಹಲ್ಲು ಬಿಟ್ಟು ಮೂರನೇದಕ್ಕೆ ಬೀಳತ್ತೆ."

ಮ್ಯಾನೇಜರ್ ಫಿಟ್ಟರನ ಮುಖ ನೋಡಿದ. ಫಿಟ್ಟರ್ ಬೋಗಿಯ ಮುಖ ನೋಡಿದ. "ನಿಂತಾಗ ಸರಿಯಾಗೇ ಕಾಣತ್ತೆ ಸರ್," ಅಂದ, ಮೊದಲಿನಷ್ಟು ಗಟ್ಟಿಯಾಗಿ ಅಲ್ಲ.

ಇಬ್ಬರಿಗೂ ಇನ್ನೂ ಅನುಮಾನ. ಗೇಟಕ್ಕ ಪಕ್ಕದ ಸೀಟಿನ ಪಟ್ಟಿ ಎತ್ತಿ ಮರಳಿನ ಚೀಲವನ್ನು ತೋಟದ ಆಳಿನ ಕೈಗೆ ಕೊಟ್ಟಳು. "ಬನ್ನಿ ಸರ್. ಕೂತ್ಕೊಳ್ಳಿ."

"ನಾನಾ? ನಂಗೆ ಬಿಪಿ ಇದೆ."

"ನಂಗೆ ಐವತ್ತೆರಡು ವರ್ಷ ಇದೆ. ಕನ್ನಡಕ ಜೇಬಲ್ಲಿಡಿ. ಆ ಮೂರು ಪೆನ್ನೂ ತೆಗೀರಿ, ಕಣ್ಣಿಗೆ ಚುಚ್ಚತ್ತೆ."

ಅವನು ಕೂತ. ಅವಳೇ ಪಟ್ಟಿ ಇಳಿಸಿ ಎರಡು ಸಲ ಜಗ್ಗಿದಳು, ಆಮೇಲೆ ಪಕ್ಕದಲ್ಲಿ ತಾನು ಕೂತಳು. ಏರು ಶುರುವಾದಾಗ ಅವನು ಕಣ್ಣು ಮುಚ್ಚಿ ಏನೋ ಗೊಣಗುತ್ತಿದ್ದ.

"ಬಾಯಿ ಮುಚ್ಚಿ. ಸೀಟಿನ ಕಡೆ ಗಮನ ಕೊಡಿ."

ಟಕ್. ಟಕ್. ಟಕ್. ಅರ್ಧ ಏರು. ಖಾಲಿ. ಖಾಲಿ. ಮೊಂಡು ಸದ್ದು. ಅವನ ಕೈ ಬಂದು ಅವಳ ಮುಂಗೈಯನ್ನು ಗಟ್ಟಿಯಾಗಿ ಹಿಡಿಯಿತು. "ಅಮ್ಮಾ," ಅಂದ. ಅದು ಕರೆದದ್ದೋ, ಕೂಗಿದ್ದೋ ಹೇಳುವುದು ಕಷ್ಟ. ಆಮೇಲೆ ಇಬ್ಬರೂ ಕೆಳಗೆ ಬಿದ್ದರು. ಈ ಸಲ ಅವಳು ಕಿರುಚಿದಳು, ಪೂರ್ತಿ ಎದೆಯಿಂದ. ನಾಲ್ಕು ದಿನದಿಂದ ಹಿಡಿದಿಟ್ಟದ್ದೆಲ್ಲ ಆ ಒಂದು ಕಿರುಚಿನಲ್ಲಿ ಹೊರಗೆ ಹೋಯಿತು.

ಬೋಗಿಗಳು ನಿಂತ ಮೇಲೆ ಫಿಟ್ಟರ್ ಟಾರ್ಚು ಹಿಡಿದು ಕೆಳಗಿನ ಗುಂಡಿಗಿಳಿದ. ಅಂಗಾತ ಮಲಗಿ ನಾಲ್ಕನೇ ಬೋಗಿಯ ಅಡಿ ತೂರಿದ. ಸ್ವಲ್ಪ ಹೊತ್ತು ಅವನ ಬೂಟು ಮಾತ್ರ ಕಾಣುತ್ತಿತ್ತು. ಹೊರಗೆ ಬಂದಾಗ ಅವನ ಅಂಗೈಯಲ್ಲಿ ಹೆಬ್ಬೆರಳು ಗಾತ್ರದ ಕಬ್ಬಿಣದ ಪಿನ್ನಿತ್ತು. ನಾಲಗೆಯನ್ನು ಬೋಗಿ ಹೊಟ್ಟೆಗೆ ಹಿಡಿದಿಡುವ ಪಿನ್ನು.

"ಬಿಚ್ಚಲಿಲ್ಲ," ಅಂದ. "ಮುಟ್ಟಿದೆ. ಕೈಗೇ ಬಂತು."

ಆ ಪಿನ್ನು ಹಳಿಯ ಮೇಲೆ ಬಿದ್ದಿದ್ದರೆ ಐದನೇ ಬೋಗಿಯ ಗಾಲಿ ಅದರ ಮೇಲೆ ಹತ್ತುತ್ತಿತ್ತು ಎಂದು ಮೂವರಿಗೂ ಗೊತ್ತಿತ್ತು. ಮ್ಯಾನೇಜರ್ ಮೆಟ್ಟಿಲ ಮೇಲೆ ಕುಸಿದು ಕೂತ. ಕನ್ನಡಕವನ್ನು ಉಲ್ಟಾ ಹಾಕಿಕೊಂಡು, ತೆಗೆದು, ಸರಿಯಾಗಿ ಹಾಕಿಕೊಂಡ. ಹೊರಗೆ ಬಸ್ಸುಗಳು ಬಂದು ನಿಂತ ಸದ್ದು. ಹಿಂದೆಯೇ ಹುಡುಗ ಹುಡುಗಿಯರ ಕೇಕೆ, ಸಿಳ್ಳೆ. ಅವನು ಯಜಮಾನರಿಗೆ ಫೋನು ಮಾಡಿದ.

"ಹೌದು ಸರ್... ಸಿಕ್ಕಿದೆ ಸರ್... ಇಲ್ಲ ಸರ್, ನಾನೇ ಕೂತಿದ್ದೆ... ಮುನ್ನೂರು ಜನ ಸರ್... ಸರಿ ಸರ್." ಫೋನಿಗೆ ಅಂಗೈ ಮುಚ್ಚಿ ತಲೆ ಎತ್ತಿದ. ಮುಖ ಇನ್ನೂ ಬಿಳಿಚಿಕೊಂಡಿತ್ತು. "ನಾಲ್ಕನೇದನ್ನ ಖಾಲಿ ಬಿಟ್ಟು, ಉಳಿದ ನಾಲ್ಕರಲ್ಲಿ ಜನ ಕೂರಿಸಿ ಅಂತಾರೆ. ಸಾಯಂಕಾಲದವರೆಗೆ ಅಷ್ಟೇ ಅಂತೆ."

ಫಿಟ್ಟರ್ ಪಿನ್ನನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿದ. ಗೇಟಕ್ಕ ಬಗ್ಗಿ ಚಪ್ಪಲಿ ಮೆಟ್ಟಿಕೊಂಡಳು. ಕಂಬಿ ಹಿಡಿದು ಮೆಟ್ಟಿಲಿಳಿಯತೊಡಗಿದಳು.

"ಅಮ್ಮ, ಎಲ್ಲಿಗೆ? ಒಂದು ನಿಮಿಷ ನಿಲ್ಲಿ, ಯಜಮಾನರು ಲೈನಲ್ಲಿದಾರೆ!"

"ನೀವು ಮಾತಾಡ್ತಿರಿ ಸರ್," ಅವಳು ತಿರುಗಲಿಲ್ಲ, ನಡಿಗೆ ಜೋರು ಮಾಡಿದಳು. "ನಾನು ಹೊರಗೆ ನಿಂತಿರೋ ಮಕ್ಕಳಿಗೆ ಇವತ್ತು ದೊಡ್ಡಣ್ಣ ಓಡಲ್ಲ ಅಂತ ಹೇಳಿ, ಯಾಕೆ ಅಂತಾನೂ ಹೇಳಿ, ಉಳಿದ ಏಳು ಆಟ ಎಲ್ಲೆಲ್ಲಿವೆ ಅಂತ ತೋರಿಸ್ತೀನಿ. ಆಮೇಲೂ ಯಜಮಾನರು ಓಡಿಸಲೇಬೇಕು ಅಂದ್ರೆ, ಮೊದಲು ಅವರೇ ಇಲ್ಲಿಗೆ ಬಂದು ಆ ಐದನೇ ಬೋಗೀಲಿ ಕೂತ್ಕೊಂಡು ಒಂದು ಸುತ್ತು ಹೋಗಿ ಬರ್ಲಿ, ಪಟ್ಟಿ ನಾನೇ ಎರಡು ಸಲ ಜಗ್ತೀನಿ."